ಕಣ್ಣು ಹಾರಿತು, ಕೈ ಸೆಳೆಯಿತು

ಹುಬ್ಬಳ್ಳಿಯ ಕೇಶ್ವಾಪುರದಿಂದ ಹೊರಟ ಸುಳ್ಳ ರಸ್ತೆಯು ಎರೆಯ ಹೊಲಗಳ ನಡುವೆ ಸಾಗಿ ನಮ್ಮ ಊರನ್ನು ಮುಟ್ಟುತ್ತದೆ. ಊರಿನ ಹೆಸರು ಸುಳ್ಳ. ಊರು ಮಾತ್ರ ನಿಜ. ಈ ಹೆಸರಿನ ದೆಸೆಯಿಂದ ಧಾರವಾಡದಲ್ಲಿ ಓದುವಾಗ ಗೆಳೆಯರ ಕೈಯಲ್ಲಿ ನಾನು ಪಟ್ಟ ಪಾಡನ್ನು ಹೇಳಹೊರಟರೆ ಲೇಖನ ಅದಕ್ಕೇ ಮುಗಿದುಹೋದೀತು. ಇಲ್ಲಿ ಹೇಳಬೇಕಾದದ್ದು ನಮ್ಮ ಸೋದರತ್ತೆಯ ಎಡಗಣ್ಣಿನ ವಿಷಯ.

ಅತ್ತೆಯನ್ನು ಊರಲ್ಲಿಯೇ ಕೊಟ್ಟಿರುವುದರಿಂದ ಅವಳ ಮನೆ, ನಮ್ಮ ಮನೆ ಎಂಬ ಭೇದವನ್ನು ನಾನು ಚಿಕ್ಕಂದಿನಿಂದಲೂ ಅರಿಯೆ. ಅವಳ ಎಡಗಣ್ಣು ಹಾರಿತೆಂದರೆ ಅಂದು ನಾಲ್ಕು ರೊಟ್ಟಿ ಹೆಚ್ಚಿಗೆ ಬೀಳುತ್ತಿದ್ದವು. “ತಮ್ಮಾ, ಯಾರೋ ಬೀಗರು ಬರಾಕತ್ತಾರ ನೋಡು, ಎಡಗಣ್ಣು ಒಂದ ಸವನ ಹಾರಾಕತ್ತೈತಿ” ಎಂದು ಒಲೆಯ ಮುಂದಿನಿಂದಲೇ ಸಾರುವಳು. ಬೀಗರು ಬರುತ್ತಿದ್ದರೋ ಇಲ್ಲವೋ ನೆನಪಿಲ್ಲ. ರೊಟ್ಟಿ ಉಳಿದದ್ದಂತೂ ನೆನಪಿಲ್ಲ.

ಹೆಂಗಸರಿಗೆ ಎಡ, ಗಂಡಸರಿಗೆ ಬಲ ಶುಭವೆಂಬ ಈ ನಂಬಿಕೆ ಬಹಳ ಹಳೆಯದು. ಅಂಗಸ್ಫುರಣವೆಂದು ಅದಕ್ಕೆ ಶಾಸ್ತ್ರದ ಹೆಸರೂ ಉಂಟು. ವಾಲ್ಮೀಕಿಯ ಸುಂದರಕಾಂಡದಲ್ಲಿ, ಹನುಮಂತನು ಇನ್ನೂ ಎದುರಿಗೆ ಬರುವ ಮೊದಲೇ ಸೀತೆಯ ಎಡಗಣ್ಣು ಅದುರುತ್ತದೆ. ಕಣ್ವಾಶ್ರಮವನ್ನು ಹೊಗುತ್ತಿದ್ದಂತೆ ದುಷ್ಯಂತನ ಬಲತೋಳು ಅದುರುತ್ತದೆ. ಅದೇ ದುಷ್ಯಂತನು ತನ್ನನ್ನು ಅರಿಯೆನೆಂದು ಹೇಳುವುದಕ್ಕೆ ಸ್ವಲ್ಪ ಮುಂಚೆ ಶಕುಂತಲೆಯ ಬಲಗಣ್ಣು ಹಾರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚುರಮರಿ ಶೇಷಗಿರಿರಾಯರು ಕನ್ನಡಕ್ಕೆ ತಂದ ಆ ನಾಟಕದ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಶುಭ ಅಶುಭ ಇರಲ್ರಿ, ಕಣ್ಣು ಯಾಕ್ರಿ ಹಾರತೈತಿ?” ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ಮೇಷ್ಟರಾದವರು ಇಂತಹ ಹೊತ್ತಿನಲ್ಲಿ ಮಾಡುವುದನ್ನೇ ನಾನೂ ಮಾಡಿದೆ. ನಕ್ಕು ಮುಂದಿನ ಪುಟಕ್ಕೆ ಹೋದೆ.

ನನಗೂ ಕಣ್ಣು ಹಾರುವುದುಂಟು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ದಿನಗಳಲ್ಲಿ, ರಾತ್ರಿ ಒಂದು ಗಂಟೆಯವರೆಗೆ ಚಹದ ಮೇಲೆ ಚಹ ಕುಡಿಯುತ್ತ ಕುಳಿತರೆ ಕೆಳಗಿನ ರೆಪ್ಪೆ ಮೀನಿನಂತೆ ಪಟಪಟನೆ ಹೊಡೆದುಕೊಳ್ಳುತ್ತದೆ. ಎಂಟು ದಿನ ಕಾಡಿ, ನಿದ್ದೆ ಸರಿಹೋದ ಮೇಲೆ ತಾನಾಗಿಯೇ ನಿಲ್ಲುತ್ತದೆ. ಹೀಗೆ ಹಾರುವ ಕಣ್ಣುಗಳಲ್ಲಿ ಬಹುಪಾಲು ಇಂತಹವೇ. ದಣಿವು, ನಿದ್ದೆಗೇಡು, ಚಹ ಕಾಫಿ, ಮನಸ್ಸಿನ ತಳಮಳ ಇಷ್ಟೇ ಅದರ ಹಿಂದಿನ ಶಕುನ. ಮೀನಖಂಡದಲ್ಲಿ, ತೋಳಿನಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಮಿಡಿಯುವುದೂ ಸಾಮಾನ್ಯವಾಗಿ ನಿರಪಾಯವೇ. ಆದುದರಿಂದಲೇ ಅತ್ತೆಯ ವಿಷಯದಲ್ಲಿ ನಾವೆಲ್ಲ ಮೋಸಹೋದೆವು.

ಹಿಂದಿನ ವರ್ಷ ಸೀಗಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಅತ್ತೆಯ ಕಣ್ಣಷ್ಟೇ ಅಲ್ಲ, ತುಟಿಯ ಅಂಚೂ ಹಾರುತ್ತಿತ್ತು. ತುಟಿಯ ಸುತ್ತ ಇರುವೆ ಹರಿದಾಡಿದಂತೆ ಆಗುತ್ತದೆಯೆಂದೂ, ಬೆರಳ ತುದಿಗಳು ಜುಮುಗುಟ್ಟುತ್ತವೆಯೆಂದೂ ಹೇಳಿದಳು. ವಾಯುವಿನ ಬಾಧೆಯೆಂದು ಮಾವ ಎಣ್ಣೆ ತಿಕ್ಕಿಸಿದ್ದ. ಓಣಿಯವರೊಬ್ಬರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದ್ದರು. ಕಲಿತವನಾದ ನಾನು ಇವರೆಲ್ಲರಿಗಿಂತ ಹೆಚ್ಚಿನದೇನನ್ನೂ ಹೇಳಲಿಲ್ಲ. “ನರದ ಅಶಕ್ತಿ ಇರಬೇಕು, ಟಾನಿಕ್ ಕುಡಿ” ಎಂದೆ. ಮರುದಿನ ಬೆಳಗಿನಲ್ಲಿ ಚರಗಕ್ಕೆಂದು ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆಲೆ “ಯಪ್ಪಾ!” ಎಂದಳು. ಹೋಗಿ ನೋಡಿದರೆ ಬಲಗೈ ಹಿಟ್ಟಿನ ಮೇಲೆಯೇ ಸೆಟೆದು ನಿಂತಿದೆ. ಮಣಿಕಟ್ಟು ಬಾಗಿದೆ, ಬೆರಳುಗಳೆಲ್ಲ ನೆಟ್ಟಗೆ ಒಂದಕ್ಕೊಂದು ಕೂಡಿಕೊಂಡು ಹೆಬ್ಬೆರಳು ಅಂಗೈಯೊಳಕ್ಕೆ ಸರಿದಿದೆ. ಬಿಡಿಸಹೋದರೆ ಬಿಡದು. ಸ್ವಲ್ಪ ಹೊತ್ತಿನಲ್ಲಿ ಎಡಗೈಯೂ ಹಾಗೆಯೇ ಆಯಿತು. ಅತ್ತೆಗೆ ಎಚ್ಚರ ಪೂರ್ಣವಾಗಿತ್ತು. ತನ್ನ ಕೈಯನ್ನು ತಾನೇ ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಗಂಟಲು ಬಿಗಿಯುತ್ತಿದೆಯೆಂದು ಅವಳೆಂದಾಗ ನಾವು ತಡಮಾಡಲಿಲ್ಲ, ಸಿಕ್ಕ ಗಾಡಿಯಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಬಂದೆವು.

ನೋಡಿದ ವೈದ್ಯೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೈಯನ್ನು ನೋಡಿದ ಕೂಡಲೇ ಆಕೆ ಬೇರೇನನ್ನೂ ಕೇಳದೆ, “ಅವ್ವಾರ, ಕೊರಳು ತೋರಸ್ರಿ” ಎಂದಳು. ಅತ್ತೆ ಸೆರಗು ಸರಿಸಿ ಬೋರಮಾಳವನ್ನು ಮೇಲೆತ್ತಿದಾಗ ಅದರ ಕೆಳಗೆ ಒಂದು ಸಣ್ಣ ಗೆರೆ ಕಂಡಿತು. ಐದು ವರ್ಷಗಳ ಹಿಂದೆ ಗಳಗಂಡಕ್ಕಾಗಿ ಥೈರಾಯಿಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿದ ಗುರುತು ಅದು. ನಮಗೆ ಅದು ಮರೆತೇಹೋಗಿತ್ತು. ವೈದ್ಯೆ ಕಿವಿಯ ಮುಂದೆ ಕೆನ್ನೆಯ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟಿದಳು. ತಟ್ಟಿದಾಗಲೆಲ್ಲ ಅತ್ತೆಯ ತುಟಿಯ ಅಂಚು ಜಗ್ಗಿತು. ಈ ಗುರುತನ್ನು 1876ರಲ್ಲಿ ಆಸ್ಟ್ರಿಯಾದ ವೈದ್ಯ ಖ್ವೊಸ್ಟೆಕ್ ಬರೆದಿಟ್ಟನಂತೆ. ಇದು ಕೆಲವು ಆರೋಗ್ಯವಂತರಲ್ಲಿಯೂ ಕಾಣುವುದರಿಂದ ಇದೊಂದನ್ನೇ ನಂಬಲಾಗದು. ಇದಕ್ಕಿಂತ ಗಟ್ಟಿಯಾದದ್ದು 1861ರಲ್ಲಿ ಫ್ರಾನ್ಸಿನ ಟ್ರೂಸೋ ತಿಳಿಸಿದ ಪರೀಕ್ಷೆ. ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಬಿಗಿದು ಮೂರು ನಿಮಿಷ ರಕ್ತವನ್ನು ತಡೆದರೆ ಕೈ ಆ ವಿಲಕ್ಷಣ ಭಂಗಿಗೆ ಬರುತ್ತದೆ. ಆ ಭಂಗಿಗೆ ಫ್ರೆಂಚರು ಇಟ್ಟ ಹೆಸರೆಂದರೆ “ಸೂಲಗಿತ್ತಿಯ ಕೈ”. ಇಂತಹ ಹೆಸರು ನಮ್ಮ ಹಳ್ಳಿಯ ಮುದುಕಿಯರ ಬಾಯಿಂದ ಬಂದಿದ್ದರೂ ಆಶ್ಚರ್ಯವಿರಲಿಲ್ಲ.

ರಕ್ತ ಪರೀಕ್ಷೆಯ ಚೀಟಿ ಬಂತು. ರಕ್ತದ ಒಂದು ಡೆಸಿಲೀಟರಿನಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕಾದ ಕ್ಯಾಲ್ಸಿಯಂ, ಅಂದರೆ ಸುಣ್ಣದ ಸತ್ವ, ಅತ್ತೆಯಲ್ಲಿ 6.4ಕ್ಕೆ ಇಳಿದಿತ್ತು. ಇನ್ನೂ ಇಳಿದಿದ್ದರೆ ಸೆಳೆತ ಗಂಟಲಿನ ಧ್ವನಿಪೆಟ್ಟಿಗೆಯನ್ನು ಹಿಡಿದು ಉಸಿರು ಕಟ್ಟಿಸಬಹುದಿತ್ತು, ಮೂರ್ಛೆಯ ಆಘಾತವಾಗಬಹುದಿತ್ತು, ಹೃದಯದ ಬಡಿತ ತಪ್ಪಬಹುದಿತ್ತು. ಹೃದಯದ ಗತಿಯನ್ನು ಯಂತ್ರದಲ್ಲಿ ನೋಡುತ್ತ ನಿಧಾನವಾಗಿ ನರದೊಳಗೆ ಕ್ಯಾಲ್ಸಿಯಂ ಹನಿಸಿದರು. ಒಂದು ತಾಸು ತುಂಬುವುದರೊಳಗೆ ಅತ್ತೆ ಬೆರಳುಗಳನ್ನು ಬಿಡಿಸಿ, ಉಗುರಲ್ಲಿ ಒಣಗಿದ್ದ ಜೋಳದ ಹಿಟ್ಟನ್ನು ತೆಗೆಯತೊಡಗಿದಳು.

ಇಷ್ಟಕ್ಕೂ ಆದದ್ದೇನು? ನಮ್ಮ ದೇಹದಲ್ಲಿ ನಾಳಗಳಿಲ್ಲದೆ ನೇರವಾಗಿ ರಕ್ತಕ್ಕೇ ತಮ್ಮ ರಸವನ್ನು ಸುರಿಯುವ ನಿರ್ನಾಳ ಗ್ರಂಥಿಗಳಿವೆ. ಆ ರಸಗಳಿಗೆ ಹಾರ್ಮೋನೆಂಬ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ರೂಢಿಗೆ ತಂದನು. ‘ಕೆರಳಿಸು’ ಎಂಬ ಅರ್ಥದ ಗ್ರೀಕ್ ಧಾತುವೇ ಅದರ ಮೂಲ. ಕೊರಳಲ್ಲಿರುವ ಥೈರಾಯಿಡಿನ ಬೆನ್ನಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ಒಂದೊಂದೂ ಒಂದು ತೊಗರಿಯ ಕಾಳಿನಷ್ಟು. ಇವುಗಳ ಹೆಸರು ಪ್ಯಾರಾಥೈರಾಯಿಡ್; ಹೆಸರು ನೆರೆಯವನದು, ಕೆಲಸ ತನ್ನದೇ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂದು ಕಾಯುವುದೇ ಇವುಗಳ ಉದ್ಯೋಗ. ತುಸು ಕಡಮೆಯಾದರೆ ಇವುಗಳ ರಸ ಹೊರಟು ಎಲುಬಿನ ಭಂಡಾರದಿಂದ ಕ್ಯಾಲ್ಸಿಯಮ್ಮನ್ನು ಬಿಡಿಸುತ್ತದೆ. ಮೂತ್ರದಲ್ಲಿ ಪೋಲಾಗುವುದನ್ನು ತಡೆಯುತ್ತದೆ. ಮೂತ್ರಪಿಂಡದಲ್ಲಿ ಡಿ ಜೀವಸತ್ವವನ್ನು ಚುರುಕುಗೊಳಿಸಿ ಕರುಳಿನಿಂದ ಹೆಚ್ಚು ಹೀರಿಸುತ್ತದೆ. ದೇಹದಲ್ಲಿರುವ ಸುಮಾರು ಒಂದು ಕಿಲೋ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿಯೇ ಇದೆ. ಉಳಿದ ಒಂದು ಪಾಲಿನಲ್ಲಿ ಏರುಪೇರಾದರೆ ಇಷ್ಟೆಲ್ಲ ರಾದ್ಧಾಂತ!

ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕೇ ಬೇಕೆಂದು ಶಾಲೆಯ ಮಕ್ಕಳೂ ಓದಿರುತ್ತಾರೆ. ಹಾಗಿದ್ದರೆ ಅದು ಕಡಮೆಯಾದಾಗ ಸ್ನಾಯು ಸೋಲಬೇಕಲ್ಲದೆ ಸೆಟೆಯುವುದೇಕೆ? ಈ ಪ್ರಶ್ನೆಯನ್ನು ನಾನು ವೈದ್ಯೆಗೆ ಕೇಳಿದೆ. ನರದ ಎಳೆಯ ಮೈಮೇಲೆ ಸೋಡಿಯಂ ಒಳನುಗ್ಗುವ ಸಣ್ಣ ಸಣ್ಣ ಬಾಗಿಲುಗಳಿವೆ. ಹೊರಗಿರುವ ಕ್ಯಾಲ್ಸಿಯಂ ಆ ಬಾಗಿಲ ಕಾವಲುಗಾರ. ಕಾವಲು ಸಡಿಲಾದರೆ ಬಾಗಿಲುಗಳು ಚಿಕ್ಕ ನೆಪಕ್ಕೂ, ಕೆಲವೊಮ್ಮೆ ನೆಪವೇ ಇಲ್ಲದೆಯೂ, ತೆರೆದುಕೊಳ್ಳುತ್ತವೆ. ಯಾರೂ ಕಳುಹಿಸದ ಅಪ್ಪಣೆ ಸ್ನಾಯುವಿಗೆ ತಲುಪುತ್ತದೆ. ಸ್ನಾಯುವಿನೊಳಗೆ ಅದರ ಸ್ವಂತ ದಾಸ್ತಾನು ಬೇರೆ ಇರುವುದರಿಂದ ಅದು ಆ ಅಪ್ಪಣೆಯನ್ನು ಪಾಲಿಸಿಯೇಬಿಡುತ್ತದೆ. ಮೊದಲು ಜುಮುಗುಟ್ಟುವಿಕೆ, ಅನಂತರ ಮಿಡಿತ, ಕೊನೆಗೆ ಸೆಳೆತ. ಹಿಂದಿನ ಬೆಂಚಿನ ಹುಡುಗನಿಗೆ ಹೇಳಲು ನನಗೆ ಉತ್ತರ ಸಿಕ್ಕಿತು. ಆದರೆ ಆ ಹುಡುಗ ಅಷ್ಟರಲ್ಲಿ ಪಾಸಾಗಿ ಹೋಗಿದ್ದ.

ಈ ಪುಟ್ಟ ಗ್ರಂಥಿಗಳ ಕಥೆ ಬಹು ಸ್ವಾರಸ್ಯವಾದದ್ದು. ಅದರ ಆರಂಭಕ್ಕೂ ನಮ್ಮ ದೇಶಕ್ಕೂ ಸಂಬಂಧವಿದೆ. ಲಂಡನ್ನಿನ ಮೃಗಾಲಯದಲ್ಲಿ ಭಾರತದ ಒಂದು ಖಡ್ಗಮೃಗವಿತ್ತು. ಅದು 1849ರಲ್ಲಿ ಸತ್ತಾಗ ರಿಚರ್ಡ್ ಓವೆನ್ ಎಂಬ ಪ್ರಾಣಿಶಾಸ್ತ್ರಜ್ಞನು ಆ ಭಾರಿ ದೇಹವನ್ನು ಕೊಯ್ದು ನೋಡುತ್ತ, ಥೈರಾಯಿಡಿಗೆ ಅಂಟಿಕೊಂಡಿದ್ದ ಹಳದಿಯ ಸಣ್ಣ ಗಂಟೊಂದನ್ನು ಗುರುತಿಸಿ ಬರೆದಿಟ್ಟನು. ಮನುಷ್ಯನಲ್ಲಿ ಇವುಗಳನ್ನು ಕಂಡು 1880ರಲ್ಲಿ ಪ್ರಕಟಿಸಿದವನು ಸ್ವೀಡನ್ನಿನ ಉಪ್ಸಾಲದ ಇವಾರ್ ಸಾಂಡ್‌ಸ್ಟ್ರೋಮ್. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅವನಿಗೆ ಇವು ಮೊದಲು ಕಣ್ಣಿಗೆ ಬಿದ್ದದ್ದು ಒಂದು ನಾಯಿಯ ಕೊರಳಲ್ಲಿ. ಅವನ ಲೇಖನವನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1889ರಲ್ಲಿ ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡನು. ತಾನು ಕಂಡದ್ದರ ಬೆಲೆ ಅವನಿಗೆ ತಿಳಿಯಲೇ ಇಲ್ಲ.

ಅತ್ತ ವಿಯೆನ್ನಾದಲ್ಲಿ ಹೆಸರಾಂತ ಶಸ್ತ್ರವೈದ್ಯ ಬಿಲ್‌ರೋತನು ಗಳಗಂಡಗಳನ್ನು ತೆಗೆಯುತ್ತಿದ್ದನು. ಶಸ್ತ್ರಕ್ರಿಯೆ ಸಫಲವಾಗುತ್ತಿತ್ತು, ಆದರೆ ಕೆಲವರು ಕೆಲವೇ ದಿನಗಳಲ್ಲಿ ಕೈಕಾಲು ಸೆಟೆದು ನರಳುತ್ತಿದ್ದರು. ಅವನ ಸಹಾಯಕ ವೋಲ್‌ಫ್ಲರ್ 1879ರಲ್ಲಿ ಇಂತಹ ರೋಗಿಯ ವಿಷಯ ಬರೆದನಾದರೂ ಕಾರಣ ತಿಳಿಯಲಿಲ್ಲ. ತೆಗೆದುಹಾಕಿದ ಗಂಟಿನ ಬೆನ್ನಲ್ಲಿ ನಾಲ್ಕು ತೊಗರಿಯ ಕಾಳುಗಳೂ ಹೋಗುತ್ತಿದ್ದುದು ಯಾರಿಗೆ ಗೊತ್ತಿತ್ತು? 1909ರ ವೇಳೆಗೆ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೆಕ್ಯಾಲಂ ಮತ್ತು ವೋಗ್ಟ್ಲಿನ್ ಎಂಬಿಬ್ಬರು, ಈ ಗ್ರಂಥಿಗಳಿಲ್ಲದ ನಾಯಿಗಳ ಸೆಳೆತ ಕ್ಯಾಲ್ಸಿಯಂ ಚುಚ್ಚಿದೊಡನೆ ನಿಲ್ಲುವುದನ್ನು ತೋರಿಸಿಕೊಟ್ಟರು. ಇಂದಿನ ಶಸ್ತ್ರವೈದ್ಯರು ಈ ಕಾಳುಗಳನ್ನು ಹುಡುಕಿ ಉಳಿಸಲು ಬಹಳ ಶ್ರಮಪಡುತ್ತಾರೆ. ಆದರೂ ಅವುಗಳಿಗೆ ರಕ್ತ ತರುವ ನಾಳಗಳು ಕೂದಲೆಳೆಯಷ್ಟು ತೆಳುವಾದುದರಿಂದ ಕೆಲವರಲ್ಲಿ ಅವು ಕೆಲವು ವಾರ ಸೊರಗುತ್ತವೆ, ಕೆಲವರಲ್ಲಿ ಕಾಯಮ್ಮಾಗಿ ಸೋಲುತ್ತವೆ.

ನಮ್ಮ ಅತ್ತೆಯದು ಎರಡನೆಯ ವರ್ಗ. ಅವಳಿಗೆ ಇದನ್ನು ಆಗಲೇ ತಿಳಿಸಿ, ಜೀವಮಾನವಿಡೀ ಕ್ಯಾಲ್ಸಿಯಂ ಗುಳಿಗೆ ನುಂಗಬೇಕೆಂದು ಹೇಳಿಯೂ ಇದ್ದರು. ಹಳೆಯ ಚೀಟಿಗಳನ್ನು ಹುಡುಕಿ ತೆಗೆದಾಗ ಎಲ್ಲವೂ ಅಚ್ಚುಕಟ್ಟಾಗಿ ಬರೆದೇ ಇತ್ತು. “ಅದು ಎಲುಬಿನ ಗುಳಿಗಿ ಅಂತ ಔಷಧದ ಅಂಗಡ್ಯಾಗಿನ ಹುಡುಗ ಹೇಳಿದ್ನವಾ. ನನಗ ಮೊಣಕಾಲ ಬ್ಯಾನಿ ಇಲ್ಲ, ಏನಿಲ್ಲ, ಸುಮ್ನ ಯಾಕ ನುಂಗಲಿ ಅಂತ ಬಿಟ್ಟೆ” ಎಂದಳು ಅತ್ತೆ. ಥೈರಾಯಿಡಿನ ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪು ಯಾರದೆಂದು ಹೇಳಲಿ? ಬರೆದುಕೊಟ್ಟ ಇಂಗ್ಲಿಷ್ ಚೀಟಿಯನ್ನು ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ನಾನು ಒಮ್ಮೆಯೂ ಓದಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಇದನ್ನೆಲ್ಲ ಕೇಳುತ್ತ ಕುಳಿತಿದ್ದ ಮಾವ ತಟ್ಟನೆ, “ಹಂಗಾರ ನಮ್ಮ ಎಮ್ಮಿಗೆ ಆಗಿದ್ದ ಇಕಿಗೂ ಆಗೈತೇನ್ರಿ?” ಎಂದ. ನಾನು ನಾಚಿ ಅವನ ಕೈ ಜಗ್ಗಿದೆ. ವೈದ್ಯೆಯಾದರೋ ಕುತೂಹಲದಿಂದ ಎಲ್ಲವನ್ನೂ ಕೇಳಿದಳು. ಎಮ್ಮೆ ಈದ ಎರಡನೆಯ ದಿನ ಮೈ ಅದುರಿಸಿ, ಕಾಲು ಸೋತು ಮಲಗಿ, ಕೊರಳನ್ನು ಪಕ್ಕೆಗೆ ತಿರುವಿಕೊಂಡು ಬಿದ್ದಿತ್ತು. ಪಶುವೈದ್ಯರು ಬಂದು ಕೊರಳ ನರಕ್ಕೆ ಒಂದು ಬಾಟಲಿ ಏರಿಸಿದರು. ನೋಡನೋಡುತ್ತ ಎದ್ದು ನಿಂತಿತು. “ಖರೇ ಅದರೀ ಕಾಕಾ, ಅದೂ ಇದ ಕ್ಯಾಲ್ಸಿಯಂ” ಎಂದಳು ವೈದ್ಯೆ. ಹಾಲು ಜ್ವರವೆಂದು ಅದರ ಹೆಸರು, ಜ್ವರವಿರದಿದ್ದರೂ! ಈದೊಡನೆ ಹಾಲಿನಲ್ಲಿ ಕ್ಯಾಲ್ಸಿಯಂ ಹರಿದುಹೋಗುವ ವೇಗಕ್ಕೆ ಗ್ರಂಥಿಗಳ ಕೆಲಸ ಸರಿಗಟ್ಟಲಾರದೆ ರಕ್ತ ಬರಿದಾಗುತ್ತದೆ. ನನ್ನ ಎಂ.ಎ.ಗಿಂತ ಮಾವನ ಎಮ್ಮೆ ಹೆಚ್ಚು ತಿಳಿವಳಿಕೆ ಕೊಟ್ಟಿತ್ತು.

ಕೊರಳಿನ ಶಸ್ತ್ರಕ್ರಿಯೆಯಾಗದವರಲ್ಲಿಯೂ ಇದು ಬರುವುದುಂಟು. ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಈ ಗ್ರಂಥಿಗಳನ್ನು ಕೆಡಿಸಬಹುದು. ಡಿ ಜೀವಸತ್ವದ ಕೊರತೆಯಂತೂ ನಮ್ಮ ಬಿಸಿಲ ನಾಡಿನಲ್ಲಿಯೂ ಸಾಮಾನ್ಯ. ಹೆಸರಿಗೆ ಜೀವಸತ್ವವಾದರೂ ಅದು ವಾಸ್ತವವಾಗಿ ಹಾರ್ಮೋನೇ. ಚರ್ಮದ ಮೇಲೆ ಬಿಸಿಲು ಬಿದ್ದು ಹುಟ್ಟಿ, ಯಕೃತ್ತು ಮೂತ್ರಪಿಂಡಗಳಲ್ಲಿ ಪಕ್ವವಾಗುತ್ತದೆ. ಹೊಲದಲ್ಲಿ ದುಡಿಯುವವರಿಗಿಂತ ಪೇಟೆಯ ಮನೆಗಳಲ್ಲಿ ದಿನವೆಲ್ಲ ಒಳಗೇ ಇರುವ ಗೃಹಿಣಿಯರು, ಅದರಲ್ಲಿಯೂ ಬಸುರಿ ಬಾಣಂತಿಯರು, ಇದನ್ನು ಗಮನಿಸತಕ್ಕದ್ದು. ಮೆಗ್ನೀಸಿಯಂ ಬಹಳ ಕಡಮೆಯಾದರೆ ಪ್ಯಾರಾಥೈರಾಯಿಡ್ ಇದ್ದೂ ಇಲ್ಲದಂತಾಗುತ್ತದೆ. ಅತಿಯಾದ ಕುಡಿತ, ಮೂತ್ರ ಹೆಚ್ಚಿಸುವ ಕೆಲವು ಗುಳಿಗೆಗಳು, ವರ್ಷಗಟ್ಟಲೆ ನುಂಗುವ ಆಮ್ಲಪಿತ್ತದ ಕೆಲವು ಗುಳಿಗೆಗಳು ಅದಕ್ಕೆ ಕಾರಣವಾಗುತ್ತವೆ. ಬೆಳಗಿನ ಉಪಾಹಾರದಂತೆ ಆಮ್ಲಪಿತ್ತದ ಗುಳಿಗೆ ನುಂಗುವವರು ನಮ್ಮ ಸಿಬ್ಬಂದಿಯ ಕೋಣೆಯಲ್ಲಿಯೇ ಇದ್ದಾರೆ. ಇನ್ನೊಂದು ಸಂಗತಿಯೂ ಉಂಟು. ಭಯದಿಂದಲೋ ದುಃಖದಿಂದಲೋ ಏದುಸಿರು ಬಿಡುತ್ತ ಹೋದರೆ ರಕ್ತದ ಕ್ಷಾರಗುಣ ಹೆಚ್ಚಿ, ಇರುವ ಕ್ಯಾಲ್ಸಿಯಮ್ಮೇ ತಾತ್ಕಾಲಿಕವಾಗಿ ಕೆಲಸಕ್ಕೆ ಒದಗದಂತಾಗಿ ಬೆರಳುಗಳು ಅದೇ ರೀತಿ ಸೆಟೆಯುತ್ತವೆ. ಮೈಮೇಲೆ ಬಂತೆಂದು ಬೇವಿನ ಸೊಪ್ಪಿನಿಂದ ಹೊಡೆಸಿಕೊಂಡ ಹೊಸ ಸೊಸೆಯರಲ್ಲಿ ಎಷ್ಟು ಜನರಿಗೆ ಬೇಕಾಗಿದ್ದದ್ದು ಒಂದು ಸಾಂತ್ವನದ ಮಾತು, ಒಂದು ನಿಧಾನವಾದ ಉಸಿರು ಮಾತ್ರವೋ!

ಬೇರೆ ಹಾರ್ಮೋನುಗಳ ಮಾತನ್ನೂ ಹೇಳಿಬಿಡುತ್ತೇನೆ. ಥೈರಾಯಿಡ್ ಅತಿಯಾಗಿ ಕೆಲಸಮಾಡಿದರೆ ಕಾಣುವುದು ಹೆಚ್ಚಾಗಿ ಮಿಡಿತವಲ್ಲ, ಬೆರಳ ತುದಿಯ ಸಣ್ಣ ನಡುಕ. ಕೈ ಮುಂದೆ ಚಾಚಿ ಬೆರಳುಗಳ ಮೇಲೆ ತೆಳುವಾದ ಕಾಗದವಿಟ್ಟರೆ ಅದು ನಡುಗುವುದು ಕಾಣುತ್ತದೆ. ಜೊತೆಗೆ ಎದೆ ಡವಡವಗುಟ್ಟುವುದು, ಬೆವರು, ಹಸಿವಿದ್ದೂ ಮೈ ಇಳಿಯುವುದು ಇರುತ್ತವೆ. ಥೈರಾಯಿಡ್ ಮಂದವಾದರೆ ಸ್ನಾಯು ನೋಯುತ್ತದೆ, ಹಿಡಿಯುತ್ತದೆ. ಚಿಕ್ಕ ವಯಸ್ಸಿನಲ್ಲಿಯೇ ರಕ್ತದೊತ್ತಡವೇರಿ ಅದರ ಜೊತೆ ಸ್ನಾಯು ಸೋಲುವುದು ಸೆಳೆಯುವುದು ಇದ್ದರೆ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಸಂಶಯಿಸಬೇಕು. 1955ರಲ್ಲಿ ಅಮೆರಿಕೆಯ ಮಿಚಿಗನ್ನಿನ ಜೆರೋಮ್ ಕಾನ್ ಇಂತಹ 34 ವರ್ಷದ ಹೆಂಗಸೊಬ್ಬಳಲ್ಲಿ ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಅತಿಯಾಗಿ ಪೊಟ್ಯಾಸಿಯಮ್ಮನ್ನು ಮೂತ್ರಕ್ಕೆ ಸುರಿಸುತ್ತಿದ್ದುದನ್ನು ತೋರಿಸಿದನು. ಗಂಟನ್ನು ತೆಗೆದ ಮೇಲೆ ಆಕೆ ಗುಣಹೊಂದಿದಳು.

ಹಾರ್ಮೋನಿನ ಹುಡುಕಾಟದಲ್ಲಿ ನಮ್ಮ ಸುಳ್ಳದಂತಹ ಊರಿನವರು ಮರೆಯಬಾರದ ಸಂಗತಿಯೊಂದಿದೆ. ಹತ್ತಿಗೋ ಮೆಣಸಿನಗಿಡಕ್ಕೋ ಔಷಧ ಹೊಡೆದು ಬಂದವನಿಗೆ ಮೈತುಂಬ ಸ್ನಾಯು ಮಿಡಿದು, ಜೊಲ್ಲು ಸುರಿದು, ಬೆವರಿ, ಕಣ್ಣು ಮಂಜಾದರೆ ಅದು ಕೀಟನಾಶಕದ ವಿಷ. ಬಟ್ಟೆ ಬಿಚ್ಚಿಸಿ ಮೈ ತೊಳೆದು ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು, ಔಷಧದ ಡಬ್ಬಿಯ ಸಮೇತ. ಪೇಟೆಯವರ ತೊಂದರೆ ಬೇರೆ ಬಗೆಯದು. ನಡುರಾತ್ರಿಯಲ್ಲಿ ಮೀನಖಂಡ ಮಿಡಿಯಿತೆಂದು ಮೊಬೈಲಿನಲ್ಲಿ ಓದಿ, ನರಗಳೇ ಕ್ಷಯಿಸುವ ಮಹಾರೋಗ ತಮಗೆ ಬಂದಿತೆಂದು ನಿದ್ದೆಗೆಡುವವರು ಬಹಳ. ಶಕ್ತಿ ಕುಂದದೆ, ಸ್ನಾಯು ಸೊರಗದೆ, ಬರಿಯ ಮಿಡಿತವಷ್ಟೇ ಇದ್ದರೆ ಆ ಭಯಕ್ಕೆ ಸಾಮಾನ್ಯವಾಗಿ ಆಧಾರವಿಲ್ಲ. ಅಂಗಿಯ ಗುಂಡಿ ಹಾಕಲು ಬಾರದಾದರೆ, ಮೆಟ್ಟಿಲಲ್ಲಿ ಕಾಲು ಎಡವತೊಡಗಿದರೆ, ನುಂಗುವುದು ಮಾತಾಡುವುದು ಕಷ್ಟವಾದರೆ ಮಾತ್ರ ನರವೈದ್ಯರ ಬಳಿ ತಡಮಾಡದೆ ಹೋಗಬೇಕು. ತುಟಿ ಬೆರಳುಗಳ ಜುಮುಗುಟ್ಟುವಿಕೆ, ಕೈಕಾಲಿನ ಸೆಳೆತ, ಕೊರಳಲ್ಲಿ ಹಳೆಯ ಗಾಯದ ಗೆರೆ ಇವು ಮಿಡಿತದ ಜೊತೆಗಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಥೈರಾಯಿಡ್ ಇಷ್ಟನ್ನು ನೋಡಿಸುವುದು ದೊಡ್ಡ ಖರ್ಚಿನ ಮಾತಲ್ಲ. 1957ರಲ್ಲಿ ಆರಂಭವಾದ, ಜನ ಇಂದಿಗೂ ಕೆ.ಎಂ.ಸಿ. ಎಂದೇ ಕರೆಯುವ ಸರಕಾರಿ ದೊಡ್ಡಾಸ್ಪತ್ರೆ ಹುಬ್ಬಳ್ಳಿಯಲ್ಲಿಯೇ ಇದೆ.

ಪರೀಕ್ಷೆಯಿಲ್ಲದೆ ಕ್ಯಾಲ್ಸಿಯಂ ನುಂಗತೊಡಗುವುದೂ ಸಲ್ಲದು. ಅತಿಯಾದರೆ ಮೂತ್ರಪಿಂಡದಲ್ಲಿ ಹರಳಾಗುತ್ತದೆ. ಅತ್ತೆಗೆ ಈಗ ಕ್ಯಾಲ್ಸಿಯಮ್ಮಿನ ಜೊತೆಗೆ ಕ್ಯಾಲ್ಸಿಟ್ರಿಯಾಲ್ ಎಂಬ, ಆಗಲೇ ಪಕ್ವವಾದ ಡಿ ಜೀವಸತ್ವವನ್ನು ಕೊಡುತ್ತಾರೆ. ಅದನ್ನು ಪಕ್ವಮಾಡುವ ರಸವೇ ಅವಳಲ್ಲಿ ಇಲ್ಲವಲ್ಲ. ಆ ರಸವನ್ನೇ ಹೋಲುವ ದಿನಕ್ಕೊಂದು ಚುಚ್ಚುಮದ್ದಿಗೆ 2023ರಲ್ಲಿ ಯೂರೋಪಿನಲ್ಲಿಯೂ 2024ರಲ್ಲಿ ಅಮೆರಿಕೆಯಲ್ಲಿಯೂ ಒಪ್ಪಿಗೆ ದೊರೆತಿದೆ. ಥೈರಾಯಿಡಿನ ಗುಳಿಗೆಯನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ಹೀರಗೊಡದು. ನಡುವೆ ನಾಲ್ಕು ತಾಸಿನ ಅಂತರವಿರಬೇಕು. ನಾನು ಎರಡು ಡಬ್ಬಿ ತಂದು ಒಂದರ ಮೇಲೆ ಸೂರ್ಯ ಹುಟ್ಟುವ ಚಿತ್ರವನ್ನೂ, ಇನ್ನೊಂದರ ಮೇಲೆ ರೊಟ್ಟಿಯ ಚಿತ್ರವನ್ನೂ ಬರೆದುಕೊಟ್ಟೆ. ರೊಟ್ಟಿ ನನ್ನ ಕೈಯಲ್ಲಿ ಅಷ್ಟು ದುಂಡಗೆ ಬರಲಿಲ್ಲ, ಅತ್ತೆ ನಕ್ಕಳು.

ಮೊನ್ನೆ ಆದಿತ್ಯವಾರ ಹೇಳದೆ ಕೇಳದೆ ಊರಿಗೆ ಹೋದೆ. ಅತ್ತೆ ಬುಟ್ಟಿಯಿಂದ ರೊಟ್ಟಿ ತೆಗೆಯುತ್ತ, “ಬರ್ತಿ ಅಂತ ಗೊತ್ತಿತ್ತು ತಮ್ಮಾ. ಮುಂಜಾನಿಂದ ಎಡಗಣ್ಣು ಹಾರಾಕತ್ತಿತ್ತು” ಎಂದಳು. ನಾನು ಗಾಬರಿಯಿಂದ ರೊಟ್ಟಿಯ ಚಿತ್ರದ ಡಬ್ಬಿಯನ್ನು ತೆರೆದು ಗುಳಿಗೆಗಳನ್ನು ಎಣಿಸಿದೆ. ಲೆಕ್ಕ ಸರಿಯಾಗಿತ್ತು.